ಉಗಿಮೀಮಾಂಸೆ

ಯಾವ ಶಾಸ್ತ್ರವನ್ನಾದರೂ ಆರಂಭಿಸುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು ಎಂಬ ನಾಲ್ಕನ್ನೂ ನಿರೂಪಿಸಬೇಕೆಂಬ ಪೂರ್ವಸೂರಿಗಳ ವಿಧಿಗೆ ತಲೆಬಾಗಿ ಹೇಳುವುದಾದರೆ, ಪ್ರಕೃತ ಗ್ರಂಥದ ವಿಷಯವು, ಗಣಕಯಂತ್ರದ ಆಟವೊಂದನ್ನು ಹಣ ತೆತ್ತು ಮನೆಗೆ ತಂದವನು ಅದನ್ನು ಆಡುವುದಕ್ಕೆ ಸ್ಟೀಮ್ ಎಂಬ ಮೂರನೆಯವನ ಅಪ್ಪಣೆಯನ್ನು ಬೇಡಬೇಕೆ ಕೂಡದೆ ಎಂಬುದು; ಪ್ರಯೋಜನವು ಏನೂ ಇಲ್ಲ; ಸಂಬಂಧವು ವಿಷಯಕ್ಕೂ ಆ ಪ್ರಯೋಜನಕ್ಕೂ ಇರತಕ್ಕಂಥದು; ಅಧಿಕಾರಿಯು ಪಾಸ್‌ವರ್ಡನ್ನು ಮರೆತವನು. ನೆನಪಿರುವವನಿಗೆ ಜಿಜ್ಞಾಸೆಯೇ ಹುಟ್ಟದಾದಕಾರಣ ಅವನು ಈ ಶಾಸ್ತ್ರಕ್ಕೆ ಅನರ್ಹನು.

ಮೊದಲು ಪದನಿರ್ವಚನ. ಸ್ಟೀಮ್ ಎಂದರೆ ಉಗಿ. ಉಗಿಯೆಂಬುದು ನಮ್ಮ ಭಾಷೆಯಲ್ಲಿ ನಾಮಪದವಾಗಿ ನಿಂತಾಗ ಕುದಿನೀರಿನಿಂದೇಳುವ ಆವಿ; ಕ್ರಿಯಾಪದವಾದಾಗ ಏನಾಗುವುದೆಂಬುದನ್ನು ತಾಂಬೂಲಪ್ರಿಯರೂ ಅವರ ನೆರೆಮನೆಯವರೂ ಚೆನ್ನಾಗಿ ಬಲ್ಲರು. ಇಂದು ಅಂತರ್ಜಾಲದಲ್ಲಿ ಆಟಗಳ ಮಳಿಗೆಯೂ ಅವುಗಳ ದ್ವಾರಪಾಲಕನೂ ಆಗಿರುವ ಈ ಉಗಿಯನ್ನು 2003ರ ಸೆಪ್ಟೆಂಬರಿನಲ್ಲಿ ಹೊರಡಿಸಿದ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಸ್ಥೆಯ ಹೆಸರು ವಾಲ್ವ್, ಎಂದರೆ ಕವಾಟ. ಕವಾಟವೆಂದರೆ ಸಂಸ್ಕೃತದಲ್ಲಿ ಬಾಗಿಲು. ಹೆಸರಿನಲ್ಲಿಯೇ ಬಾಗಿಲನ್ನಿಟ್ಟುಕೊಂಡವರು ಊರವರ ಮನೆಗಳಿಗೆಲ್ಲ ಬಾಗಿಲು ಕೂರಿಸಿದರೆಂದು ಬೆರಗಾಗುವುದು ಅವ್ಯುತ್ಪನ್ನರ ಲಕ್ಷಣ. ಇನ್ನು ಆ ಸಂಸ್ಥೆಯ ಕೀರ್ತಿಗೆ ಕಾರಣವಾದ 1998ರ ಆಟದ ಹೆಸರು ಹಾಫ್-ಲೈಫ್, ಅರ್ಥಾತ್ ಅರ್ಧಾಯುಷ್ಯ. ಕೊಂಡ ವಸ್ತುವಿನ ಮಿಕ್ಕ ಅರ್ಧಾಯುಷ್ಯ ಯಾರ ವಶದಲ್ಲಿರುವುದೆಂಬ ಪ್ರಶ್ನೆಯೇ ಮುಂದೆ ಈ ಮೀಮಾಂಸೆಗೆ ಬೀಜವಾಯಿತು.

2004ರ ನವೆಂಬರ್ 16ರಂದು ಹಾಫ್-ಲೈಫ್ 2 ಬಿಡುಗಡೆಯಾಯಿತು. ಒಬ್ಬನೇ ಕುಳಿತು, ಒಬ್ಬನೇ ಹೆದರಿ, ಒಬ್ಬನೇ ಗೆಲ್ಲಬಹುದಾದ ಕಥಾರೂಪದ ಆಟವದು. ಆದರೂ ಅಂಗಡಿಯಲ್ಲಿ ಡಿಸ್ಕಿನ ಪೆಟ್ಟಿಗೆಯನ್ನೇ ಕೊಂಡು, ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದ ಗೃಹಸ್ಥನೂ ಅದನ್ನು ಅಂತರ್ಜಾಲದ ಮೂಲಕ ಸ್ಟೀಮ್ ಖಾತೆಗೆ ಕಟ್ಟಿಹಾಕಿದ ಹೊರತು, ಕಥಾನಾಯಕನು ರೈಲಿನಿಂದ ಇಳಿಯುವ ಮೊದಲ ದೃಶ್ಯವನ್ನು ಸಹ ಕಾಣುವಂತಿರಲಿಲ್ಲ. ಲೋಕವೆಲ್ಲ ಒಮ್ಮೆಗೇ ಬಾಗಿಲು ತಟ್ಟಿದ್ದರಿಂದ ಸರ್ವರುಗಳು ಉಸಿರುಕಟ್ಟಿದವು. ರೈಲು ಅನೇಕರ ಪಾಲಿಗೆ ತಡವಾಗಿ ಬಂದಿತು. ಉಗಿ ಶಬ್ದದ ಎರಡರ್ಥಗಳಲ್ಲಿ ಪ್ರಕೃತಕ್ಕೆ ಯಾವುದು ಗ್ರಾಹ್ಯವೆಂಬ ವಿವಾದವು ಅಂದು ರಾತ್ರಿಯೇ ಇತ್ಯರ್ಥವಾಯಿತೆಂದು ನನ್ನ ಮತ.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ಅಯ್ಯಾ, ಜಗತ್ತಿನಲ್ಲಿ ಕಳ್ಳರಿದ್ದಾರೆ, ನಕಲು ಮಾಡುವವರಿದ್ದಾರೆ, ಈ ಆಟದ ಮೂಲಸಂಕೇತವೇ 2003ರಲ್ಲಿ ಕಳುವಾಗಿ ಬಯಲಿಗೆ ಬಿದ್ದುದುಂಟು, ಹೀಗಿರಲು ದ್ವಾರಪಾಲಕನನ್ನಿಟ್ಟರೆ ತಪ್ಪೇನು ಎಂದು ಕೇಳುತ್ತಾನೆ. ಯೋಗ್ಯವಾದ ಪ್ರಶ್ನೆಯೇ. ಉತ್ತರವಾಗಿ ತರ್ಕಶಾಸ್ತ್ರದ ಹಳೆಯ ದೃಷ್ಟಾಂತವೊಂದನ್ನು ಸ್ಮರಿಸಬಹುದು: ಬೆಟ್ಟದಲ್ಲಿ ಎದ್ದ ಬಾಷ್ಪವನ್ನು ಹೊಗೆಯೆಂದು ಭ್ರಮಿಸಿ, ಹೊಗೆಯಿರುವಲ್ಲಿ ಬೆಂಕಿಯೂ ಇರಲೇಬೇಕೆಂದು ಅನುಮಾನಿಸಿದವನು ಕೊಡ ಹೊತ್ತು ಗುಡ್ಡ ಹತ್ತಿ ಬರಿಗೈಯಲ್ಲಿ ಇಳಿಯುತ್ತಾನೆ. ನಮ್ಮ ವಾಲ್ವಿನ ಆಚಾರ್ಯರು ಅವನನ್ನೂ ಮೀರಿಸಿದರು. ಅವನು ಉಗಿಯನ್ನು ಕಂಡು ಬೆಂಕಿಯನ್ನು ಊಹಿಸಿದ, ಇವರು ಮನೆಮನೆಯಲ್ಲೂ ಬೆಂಕಿಯನ್ನು ಊಹಿಸಿಕೊಂಡು ಉಗಿಯನ್ನು ಎಬ್ಬಿಸಿದರು. ನಿಜವಾದ ಕಳ್ಳನೋ, ಬೀಗವನ್ನು ಬಿಚ್ಚಿದ ಪ್ರತಿಯನ್ನು ಇಳಿಸಿಕೊಂಡು ಹಾಯಾಗಿ ಆಡುತ್ತಿರುತ್ತಾನೆ. ದ್ವಾರಪಾಲಕನ ಮುಖದರ್ಶನ ಬೆಲೆ ತೆತ್ತವನಿಗೆ ಮಾತ್ರ. ಅಲ್ಲದೆ, ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯವರು 2008ರಲ್ಲಿ ಗಾಗ್ ಎಂಬ ಮಳಿಗೆಯನ್ನು ತೆರೆದು ಬೀಗವಿಲ್ಲದ ಆಟಗಳನ್ನು ಮಾರತೊಡಗಿದರು. 2015ರ ತಮ್ಮ ವಿಚರ್ 3 ಆಟವನ್ನೂ ಅಲ್ಲಿ ಮೊದಲ ದಿನದಿಂದಲೇ ಹಾಗೆಯೇ ಮಾರಿದರು. ಎಲ್ಲ ಯಂತ್ರಗಳಲ್ಲಿಯೂ ಸೇರಿ ಆ ಆಟದ 5 ಕೋಟಿಗೂ ಮಿಕ್ಕಿ ಪ್ರತಿಗಳು ಖರ್ಚಾದುವೆಂದು ಅವರೇ ಪ್ರಕಟಿಸಿದ್ದಾರೆ. ಬಾಗಿಲಿಲ್ಲದ ಅಂಗಡಿ ದಿವಾಳಿಯಾಗಲಿಲ್ಲ.

ಬಾಗಿಲುಗಳು ಮರಿಹಾಕುವ ಪ್ರಕರಣ ಇನ್ನೂ ರಸವತ್ತಾದುದು. 2009ರಲ್ಲಿ ಮಾಡರ್ನ್ ವಾರ್‌ಫೇರ್ 2 ಎಂಬ ಯುದ್ಧದಾಟ ಬಂದಾಗ, ಅದನ್ನು ಎಲ್ಲಿಯೇ ಕೊಂಡರೂ ಸ್ಟೀಮನ್ನು ಸ್ಥಾಪಿಸಿಕೊಳ್ಳಬೇಕೆಂಬ ನಿಯಮವಿತ್ತು. ಡೈರೆಕ್ಟ್-ಟು-ಡ್ರೈವ್ ಮೊದಲಾದ ಇತರ ಮಳಿಗೆಯವರು ಅದನ್ನು ಮಾರುವುದಿಲ್ಲವೆಂದರು. ತಾನು ಮಾರಿದ ಅಕ್ಕಿಮೂಟೆಯೊಳಗೆ ಎದುರಂಗಡಿಯ ಗುಮಾಸ್ತನು ಅಡಗಿ ಕುಳಿತಿದ್ದು, ಗಿರಾಕಿಯ ಮನೆ ಸೇರಿದೊಡನೆ ಹೊರಗೆ ನೆಗೆದು ತನ್ನ ಅಂಗಡಿಯ ಧಾರಣೆಪಟ್ಟಿಯನ್ನು ಓದತೊಡಗಿದರೆ ಯಾವ ಶೆಟ್ಟರು ತಾನೆ ಸಹಿಸಿಯಾರು? ತರುವಾಯ ಅನೇಕ ಪ್ರಕಾಶಕರು ತಮತಮಗೊಂದು ಬಾಗಿಲನ್ನು ಮಾಡಿಸಿಕೊಂಡರು. ಸ್ಟೀಮಿನಲ್ಲಿ ಕೊಂಡ ಯೂಬಿಸಾಫ್ಟಿನ ಆಟವನ್ನು ತೆರೆದರೆ ಯೂಬಿಸಾಫ್ಟಿನ ಖಾತೆಯನ್ನೂ ಕೇಳುವ ಮತ್ತೊಂದು ಬಾಗಿಲು ತೆರೆದುಕೊಳ್ಳುತ್ತದೆ. ವೈಕುಂಠಕ್ಕಾದರೂ ಜಯವಿಜಯರಿಬ್ಬರು ಒಂದೇ ಬಾಗಿಲಿನ ಎಡಬಲಗಳಲ್ಲಿದ್ದರು. ಇಲ್ಲಿ ಜಯನು ಬಿಟ್ಟಮೇಲೆ ವಿಜಯನು ಹಿಡಿಯುತ್ತಾನೆ. 2024ರ ಮೇ ತಿಂಗಳಲ್ಲಿ ಸೋನಿಯವರು, ಸ್ಟೀಮಿನಲ್ಲಿ ಮಾರಾಟವಾಗಿದ್ದ ಹೆಲ್‌ಡೈವರ್ಸ್ 2 ಆಟಕ್ಕೆ ತಮ್ಮ ಖಾತೆಯೂ ಕಡ್ಡಾಯವೆಂದು ಸಾರಿದರು. ಆ ಖಾತೆಯ ಸೌಲಭ್ಯವೇ ಇಲ್ಲದ ದೇಶಗಳಲ್ಲಿಯೂ ಆಟ ಮಾರಾಟವಾಗಿತ್ತು. ಆಟಗಾರರು ಉಗಿದ ಉಗಿಗೆ ಬೆದರಿ ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಸನಕಾದಿಗಳ ಶಾಪಕ್ಕೆ ಸಿಕ್ಕಿದ ಆ ಪುರಾತನ ದ್ವಾರಪಾಲಕರಿಗೆ ಮೂರು ಜನ್ಮಗಳಾದ ಮೇಲೆ ಬಿಡುಗಡೆಯಾಯಿತೆಂದು ಪುರಾಣ ಹೇಳುತ್ತದೆ. ನಮ್ಮ ಕವಾಟಸಂಸ್ಥೆಯ ಆಟಗಳನ್ನು ಎಣಿಸಿ ನೋಡಿದರೆ ಹಾಫ್-ಲೈಫ್ 2, ಟೀಮ್ ಫೋರ್ಟ್ರೆಸ್ 2, ಲೆಫ್ಟ್ ಫೋರ್ ಡೆಡ್ 2, ಪೋರ್ಟಲ್ 2, ಡೋಟಾ 2 ಎಂದು ಸಾಗುತ್ತದೆಯೇ ಹೊರತು ಎರಡರ ಮುಂದಿನ ಸಂಖ್ಯೆ ನನ್ನ ಕಣ್ಣಿಗೆ ಬಿದ್ದಿಲ್ಲ. ಮೂರನೆಯದೇ ಬಾರದವರಿಗೆ ಶಾಪವಿಮೋಚನೆ ಎಲ್ಲಿಯದು?

ಅಂತರ್ಜಾಲವಿಲ್ಲದ ಹೊತ್ತಿನಲ್ಲಿ ಆಫ್‌ಲೈನ್ ಮೋಡ್ ಎಂಬ ಕಿಂಡಿಯೊಂದುಂಟಲ್ಲ ಎಂದು ಪೂರ್ವಪಕ್ಷಿಯು ನಡುವೆ ಬಾಯಿಹಾಕುತ್ತಾನೆ. ಉಂಟು. ಆದರೆ ಉಡುಪಿಯಲ್ಲಿ ಒಳಗೆ ಬಿಡದ ಕನಕನಿಗಾಗಿ ದೇವರೇ ತಿರುಗಿ ಕಿಂಡಿಯ ಕಡೆಗೆ ಮುಖಮಾಡಿದನೆಂದು ಪ್ರತೀತಿ; ಈ ಕಿಂಡಿಯಲ್ಲಿ ಇಣುಕಬೇಕಾದವನು ಮೊದಲೊಮ್ಮೆ ಮಹಾದ್ವಾರದಿಂದಲೇ ಒಳಹೊಕ್ಕು ತನ್ನ ಗುರುತನ್ನು ಬರೆಸಿ ಬಂದಿರಬೇಕು.

ಇನ್ನು ಸ್ವಾಮ್ಯಪ್ರಕರಣ. ಪುಸ್ತಕವನ್ನು ಕೊಂಡವನು ಅದನ್ನು ಓದಬಹುದು, ಎರವಲು ಕೊಟ್ಟು ಕಳೆದುಕೊಳ್ಳಬಹುದು, ಹಳೆಯ ಪುಸ್ತಕದ ಅಂಗಡಿಗೆ ತೂಗಿಹಾಕಬಹುದು. ಈ ನ್ಯಾಯವು ಖಾತೆಗೆ ಕಟ್ಟಿದ ಆಟಕ್ಕೂ ಅನ್ವಯಿಸಬೇಕೆಂದು ಜರ್ಮನಿಯ ಗ್ರಾಹಕ ಸಂಘಗಳ ಒಕ್ಕೂಟದವರು ಹಾಫ್-ಲೈಫ್ 2ರ ವಿಚಾರದಲ್ಲಿ ದಾವೆ ಹೂಡಿದರು. ಅಲ್ಲಿಯ ಸಂಯುಕ್ತ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಖಾತೆಯನ್ನು ಇನ್ನೊಬ್ಬರಿಗೆ ದಾಟಿಸಬಾರದೆಂಬ ಷರತ್ತು ಸಿಂಧುವೆಂದಿತು. ಪ್ಯಾರಿಸಿನ ಕೆಳಗಿನ ನ್ಯಾಯಾಲಯವು 2019ರಲ್ಲಿ ಮರುಮಾರಾಟಕ್ಕೆ ಅನುಕೂಲವಾಗಿ ತೀರ್ಪಿತ್ತಿತು, 2022ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯದಲ್ಲಿ ಜಾರಿಗೆ ಬಂದ ಕಾನೂನು ಇಷ್ಟನ್ನು ಮಾತ್ರ ವಿಧಿಸುತ್ತದೆ: ಪರವಾನಗಿಯನ್ನಷ್ಟೇ ಕೊಡುತ್ತಿರುವವನು, ಹಾಗೆಂದು ಸ್ಪಷ್ಟವಾಗಿ ತಿಳಿಸದೆ, ಕೊಳ್ಳಿರಿ ಎಂಬ ಶಬ್ದವನ್ನು ಪ್ರಯೋಗಿಸಕೂಡದು. ಹಕ್ಕು ಬರಲಿಲ್ಲ, ವ್ಯಾಕರಣ ಸುಧಾರಿಸಿತು. ವೈಯಾಕರಣನಾದ ನಾನು ಇದನ್ನೂ ಲಾಭವೆಂದೇ ಎಣಿಸುತ್ತೇನೆ.

ಸಿದ್ಧಾಂತವಿದು. ನಾಲ್ಕು ದಿಕ್ಕುಗಳಿಂದ ನಾಲ್ವರು ಕೂಡಿ ಆಡುವ ಆಟಕ್ಕೆ ನಡುವೆ ಒಬ್ಬ ಮಧ್ಯಸ್ಥನಿರುವುದು ಅನಿವಾರ್ಯ, ಅವನು ಖಾತೆ ಕೇಳಲಿ. ಒಬ್ಬನೇ ಆಡುವ ಆಟಕ್ಕೆ ದ್ವಾರಪಾಲಕನನ್ನು ಕಡ್ಡಾಯ ಮಾಡುವುದು ಅಧರ್ಮ. ಹೀಗೆನ್ನುವಷ್ಟರಲ್ಲಿ ಪೂರ್ವಪಕ್ಷಿಯು, ಹಾಗಾದರೆ ಸಿದ್ಧಾಂತಿಗಳ ಸ್ಟೀಮ್ ಖಾತೆಯಲ್ಲಿ ಅಷ್ಟೊಂದು ಆಟಗಳೇಕೆ ಎಂದು ಕುಹಕವಾಡುತ್ತಾನೆ. 2015ರಿಂದ ಅಲ್ಲಿ ಬೆಲೆಗಳು ರೂಪಾಯಿಯಲ್ಲಿ ಕಾಣಿಸತೊಡಗಿದುವು. ಅವರ ಬೇಸಗೆಯ ಮಾರಾಟವೋ, ನಮ್ಮ ಸೀರೆಯಂಗಡಿಗಳ ಆಷಾಢದ ರಿಯಾಯಿತಿಯ ಆಸುಪಾಸಿನಲ್ಲಿಯೇ ಬರುತ್ತದೆ. ಆಷಾಢದಲ್ಲಿ ಉಡದ ಸೀರೆಯನ್ನು ಕೊಂಡವರು ನನ್ನನ್ನು ಆಕ್ಷೇಪಿಸುವ ಹಾಗಿಲ್ಲ.

ವಾಚಕ ಮಹಾಶಯರಲ್ಲಿ ಒಂದೇ ವಿಜ್ಞಾಪನೆ: ಗಾಗ್‌ನಲ್ಲಿ ಆಟ ಕೊಂಡು, ನಮ್ಮದೇ ವಸ್ತುವಲ್ಲವೆ, ಎಂದಾದರೂ ಇಳಿಸಿಕೊಂಡರಾಯಿತೆಂದು ಅಲ್ಲಿಯೇ ಬಿಟ್ಟವರು, ಇನ್‌ಸ್ಟಾಲರ್ ಕಡತಗಳನ್ನು ಇಂದು ರಾತ್ರಿಯೇ ಇಳಿಸಿ, ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಬೀರುವಿನಲ್ಲಿ ಇಟ್ಟುಕೊಳ್ಳತಕ್ಕದ್ದು.