ಡಬಲ್ ಡೋಸ್ ಪುಟ್ಟಸ್ವಾಮಿ

ಡಯಾಲಿಸಿಸ್‌ನಲ್ಲಿ ರೋಗಿಯ ರಕ್ತ ಯಂತ್ರಕ್ಕೆ ಹೋಗಿ, ಸೋಸಿಕೊಂಡು ಮೈಗೆ ಮರಳುತ್ತದೆ. ರಕ್ತ ಓಡಾಡುವ ಕಡೆ ಹೆಪಟೈಟಿಸ್ ಬಿ ವೈರಸ್ಸೂ ಓಡಾಡಬಲ್ಲದು. ಹಾಗಾಗಿ ಸೋಂಕಿಲ್ಲದ, ರಕ್ಷಣೆಯೂ ಇಲ್ಲದ ಡಯಾಲಿಸಿಸ್ ರೋಗಿಗೆ ಲಸಿಕೆ ಬೇಕೇ ಬೇಕು. ಮಂಡ್ಯ ಕಡೆಯ ಬೆಲ್ಲದ ವ್ಯಾಪಾರಿ ಪುಟ್ಟಸ್ವಾಮಿ ಅದಕ್ಕೂ ಚೌಕಾಸಿಗಿಳಿದರು; ಪಕ್ಕದಲ್ಲಿ ಹೆಂಡತಿ ಜಯಮ್ಮ.

ಪುಟ್ಟಸ್ವಾಮಿ: ನಮ್ ಮೊಮ್ಮಗೀಗೆ ಹುಟ್ಟಿದ ದಿನ ಇದೇ ಲಸಿಕೆ ಒಂಚೂರು ಹಾಕುದ್ರು. ನಂಗ್ಯಾಕೆ ಸಿಸ್ಟರ್ ಎರಡು ಬಾಟ್ಲು?

ಸಿಸ್ಟರ್: ದೊಡ್ಡೋರಿಗೆ 20 ಮೈಕ್ರೋಗ್ರಾಂ, ಡಯಾಲಿಸಿಸ್‌ನೋರಿಗೆ 40. ಕಿಡ್ನಿ ಸೋತ ಮೈಯಲ್ಲಿ ರೋಗನಿರೋಧಕ ಶಕ್ತಿ ಮಂಕಾಗಿರುತ್ತೆ ಯಜಮಾನ್ರೇ, ಒಂದು ಸಲ ಕೂಗಿದ್ರೆ ಏಳಲ್ಲ.

ಜಯಮ್ಮ: ಇವ್ರಂಗೇ ಅನ್ನಿ. ಬೆಳಿಗ್ಗೆ ನಾನು ನಾಕು ಸಲ ಕೂಗ್ಬೇಕು.

ಸಿಸ್ಟರ್: ಇದೂ ನಾಲ್ಕೇ ಸಲ ಅಮ್ಮ. ಇವತ್ತೊಂದು, ತಿಂಗಳಿಗೊಂದು, ಎರಡು ತಿಂಗಳಿಗೊಂದು, ಆರು ತಿಂಗಳಿಗೊಂದು.

ಪುಟ್ಟಸ್ವಾಮಿ: ಒಟ್ಟಿಗೇ ಚುಚ್ಚಿಸ್ಕೊಂಡ್ರೆ ಏನಾರ ಕಮ್ಮಿ ಮಾಡ್ಕೊತೀರಾ?

ಸಿಸ್ಟರ್: ತೋಳು ಕೊಡಿ. ಡಯಾಲಿಸಿಸ್‌ಗೆ ಅಂತ ಮಾಡಿರೋ ಫಿಸ್ಟುಲಾ ಇರೋದಲ್ಲ, ಇನ್ನೊಂದು.

ಪುಟ್ಟಸ್ವಾಮಿ: ತೋಳು ನೋಯ್ತದೆ, ಸೊಂಟಕ್ಕೆ ಹಾಕ್ಬಿಡಿ.

ಸಿಸ್ಟರ್: ಅಲ್ಲಿ ಕೊಬ್ಬು ಜಾಸ್ತಿ, ಲಸಿಕೆ ಸರಿಯಾಗಿ ಹಿಡಿಯಲ್ಲ.

ಜಯಮ್ಮ: ಈ ಮಾತ ನಾನು ಆಡಿದ್ರೆ ಊಟ ಬಿಡ್ತಿದ್ರು!

ಪುಟ್ಟಸ್ವಾಮಿ: ಯಂತ್ರ ಫಳಫಳ ಅಂತದೆ. ವೈರಸ್ ಎಲ್ಲಿಂದ ಬರ್ತದೆ?

ಸಿಸ್ಟರ್: ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರುತ್ತೆ, ಕಣ್ಣಿಗೆ ಕಾಣದಷ್ಟು ಕಲೆಯಾದ್ರೂ ಸಾಕು. ಅದಕ್ಕೇ ಹೆಪಟೈಟಿಸ್ ಬಿ ಇರೋರಿಗೆ ಯಂತ್ರಾನೇ ಬೇರೆ.

ಪುಟ್ಟಸ್ವಾಮಿ: ನಾಕು ಆದ್ಮೇಲೆ ಬಾಕಿ ಚುಕ್ತಾ ತಾನೆ?

ಸಿಸ್ಟರ್: ಎಲ್ಲಿ! ಒಂದೆರಡು ತಿಂಗಳು ಬಿಟ್ಟು ರಕ್ತಪರೀಕ್ಷೆ. ಪ್ರತಿಕಾಯದ ಮಟ್ಟ ಕನಿಷ್ಠ 10 ಇರ್ಬೇಕು. ಇಲ್ಲದಿದ್ರೆ ಇನ್ನೊಂದು ಸುತ್ತು. ಇದ್ರೂ ವರ್ಷಕ್ಕೊಮ್ಮೆ ನೋಡ್ತೀವಿ, ಇಳಿದಿದ್ರೆ ಬೂಸ್ಟರ್.

ಪುಟ್ಟಸ್ವಾಮಿ: ಹತ್ತು ತಾನೆ? ಎಸ್ಸೆಲ್ಸೀಲಿ 35 ತಗೊಂಡೋನು ನಾನು.

ಜಯಮ್ಮ: ಮೂರನೇ ಸಲಕ್ಕೆ.

ಪುಟ್ಟಸ್ವಾಮಿ ಅಷ್ಟು ಧೈರ್ಯವಾಗಿರುವಂತಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಹಿಡಿಯುವ ಈ ಲಸಿಕೆ ಡಯಾಲಿಸಿಸ್ ರೋಗಿಗಳಲ್ಲಿ ಅದಕ್ಕಿಂತ ಬಹಳ ಕಡಿಮೆ ಮಂದಿಗೆ ಹಿಡಿಯುತ್ತದೆ. ಕಿಡ್ನಿ ಕಾಯಿಲೆ ಗೊತ್ತಾದ ಹೊಸದರಲ್ಲೇ, ಯಂತ್ರದ ಹತ್ತಿರ ಬರುವ ಮೊದಲೇ ಹಾಕಿಸಿಕೊಂಡರೆ ಫಲ ಹೆಚ್ಚು. ಹೀಗೇ ರಕ್ತದಲ್ಲಿ ಓಡಾಡುವ ಹೆಪಟೈಟಿಸ್ ಸಿಗೆ ಮಾತ್ರ ಇನ್ನೂ ಲಸಿಕೆಯೇ ಇಲ್ಲ.