ಪ್ಲಾಟಿನಂ ಪಟ್ಟಿ

(ನಂಜನಗೂಡು ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಪುಟ್ಟ ಶೆಡ್ಡು. ಬ್ಯಾಂಡೇಜು ತಯಾರಿಸುವ ಯಜಮಾನರು. ಎದುರಿಗೆ, ದುಡ್ಡು ತಗೊಂಡು ಹೆಸರು ಹಾಕುವ ಬಿಸಿನೆಸ್ ಡೈರೆಕ್ಟರಿಯ ಟೈ ಕಟ್ಟಿದ ಹುಡುಗ.)

ಹುಡುಗ: ಪ್ಲಾಟಿನಂ ಪಟ್ಟಿಗೆ ಸೇರಿ ಸಾರ್, ಡಾಕ್ಟರುಗಳೇ ಹುಡುಕ್ಕೊಂಡು ಬರ್ತಾರೆ.

ಯಜಮಾನ: ಹೋದ ವರ್ಷ ಸಿಲ್ವರ್‌ಗೆ ಸೇರಿದ್ದೆ ಕಣಪ್ಪ. ಹನ್ನೊಂದು ಫೋನು ಬಂದ್ವು.

ಹುಡುಗ: ನೋಡಿದ್ರಾ!

ಯಜಮಾನ: ನಾಲ್ಕು ಸಾಲ ಕೊಡೋರು, ಆರು ಬೇರೆ ಡೈರೆಕ್ಟರಿಯೋರು. ಒಬ್ಬರೇ ಡಾಕ್ಟರು.

ಹುಡುಗ: ಆರ್ಡರ್ ಕೊಟ್ರಾ?

ಯಜಮಾನ: ಅವರೂ ನಿಮಗೆ ದುಡ್ಡು ಕಟ್ಟಿದ್ರಂತೆ. ನನ್ನನ್ನ ಪೇಷೆಂಟ್ ಅಂದ್ಕೊಂಡು ಫೋನ್ ಮಾಡಿದ್ರು!

ಹುಡುಗ: ಹೆಸರು ಮೇಲಿರ್ಬೇಕು ಸಾರ್.

ಯಜಮಾನ: 1913ರಲ್ಲಿ ನಂಜನಗೂಡಲ್ಲಿ ಸದ್ವೈದ್ಯಶಾಲೆ ಶುರುವಾದಾಗ ಯಾವ ಪ್ಲಾಟಿನಂ ಇತ್ತು? ಹಲ್ಲುಪುಡಿ ಮನೆಮನೆ ಸೇರಲಿಲ್ವ? ಟಿಪ್ಪು ಆನೆಯ ಕಣ್ಣು ವಾಸಿಯಾಯ್ತಂತ ನಮ್ಮ ದೇವರು ನಂಜುಂಡ ‘ಹಕೀಂ’ ಆದ ಅಂತಾರೆ. ಅವನೇನು ಸ್ಟಾರು ಕೊಂಡ್ಕೊಂಡ್ನ?

ಹುಡುಗ: ಮತ್ತೆ ಡಾಕ್ಟರನ್ನ ಮುಟ್ಟೋದು ಹೆಂಗೆ?

ಯಜಮಾನ: (ಗಾಜ್ ಬಟ್ಟೆಯ ಅಂಚು ಎಳೆದು) ಡ್ರೆಸಿಂಗ್ ರೂಮಿನ ಸಿಸ್ಟರು ಹಿಂಗೆ ಎಳೆದು, “ನೂಲು ಬಿಡಲ್ಲ” ಅಂದ್ರೆ ಆಯ್ತು. ಸ್ಯಾಂಪಲ್ ಹಿಡ್ಕೊಂಡು ಅವರ ಬಾಗ್ಲಲ್ಲಿ ಕೂತ್ಕೋಬೇಕು.

(ಹುಡುಗ ಏಳುವಾಗ ಶಟರಿಗೆ ಹಣೆ ಬಡಿಯುತ್ತದೆ. ಯಜಮಾನರು ಸರಸರನೆ ಬ್ಯಾಂಡೇಜು ಸುತ್ತುತ್ತಾರೆ.)

ಹುಡುಗ: ಎಷ್ಟು ಸಾರ್?

ಯಜಮಾನ: ಪುಕ್ಕಟೆ. ಎರಡೂ ಪಟ್ಟೀನೇ ಕಣಪ್ಪ. ನಿಂದು ಜೇಬಿಗೆ ಗಾಯ ಮಾಡುತ್ತೆ, ನಂದು ಗಾಯಕ್ಕೆ ಕಟ್ಟೋದು!