ಸ್ವಿಚ್ಚಿಲ್ಲದ ಕಂದೀಲು

ಯರಗಟ್ಟಿ ಕಡೆ ಓಣಿಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಗಾಳಿಮಳೆಗೆ ಕರೆಂಟು ಹೋಗಿ ಉಳಿದವರೆಲ್ಲ ಹೆಸ್ಕಾಂ ಲೈನ್‌ಮನ್ನನ್ನು ನೆನೆಯುತ್ತಿದ್ದರೆ ಇವನ ಮುಖ ಅರಳುತ್ತದೆ. ಹಳೆಯ ಲ್ಯಾಪ್‌ಟಾಪಿನ ಸೆಲ್ಲು, ಉಪ್ಪಿನಕಾಯಿ ಬಾಟ್ಲಿ, ನಾಲ್ಕು ಎಲ್‌ಇಡಿ ಕೂಡಿ ಹುಟ್ಟಿದ ಕಂದೀಲು ಹೊರಬರುತ್ತದೆ. ಜನ ಅವನನ್ನು ಜಿಪುಣ ಅನ್ನುತ್ತಾರೆ. ಅದು ತಪ್ಪು ಲೆಕ್ಕ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲೇ ಸೊನ್ನೆ, ಇನ್ನು ಉಳಿಸುವುದೇನು? ಬೆಸುಗೆ ಗನ್ನು, ಮೀಟರು, ಸುಟ್ಟ ಎಲ್‌ಇಡಿಗಳು, ಬೆಳಗಾವಿಯ ಬಸ್ ಚಾರ್ಜು ಎಲ್ಲ ಕೂಡಿಸಿದರೆ ಅಂಗಡಿಯ ಚಾರ್ಜಿಂಗ್ ಲೈಟು ಎರಡು ಬರುತ್ತಿದ್ದವು. ಅವನ ಹಸಿವು ಕೇಳುಗರದು. ಕತ್ತಲಲ್ಲಿ ಟಿವಿ ಇಲ್ಲ, ಎದ್ದು ಹೋಗಲು ದಾರಿಯೂ ಕಾಣುವುದಿಲ್ಲ.

ಪುರಾಣ ರೆಸಿಸ್ಟರಿನಿಂದ ಶುರುವಾಗುತ್ತದೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು, ತುಂಬಿದ ಲಿಥಿಯಂ ಸೆಲ್ಲಿನಲ್ಲಿ 4.2 ಇರುತ್ತದೆ, ತಡೆಯದಿದ್ದರೆ ಎಲ್‌ಇಡಿ ಸುಡುತ್ತದೆ. ಆ ಬಿಳಿಯೂ ಬಿಳಿಯಲ್ಲ, ನೀಲಿಯ ಮೇಲೆ ಹಳದಿ ಲೇಪ. ನೀಲಿ ಎಲ್‌ಇಡಿಗಾಗಿ ಜಪಾನಿನಲ್ಲಿ ಹುಟ್ಟಿದ ಮೂವರಿಗೆ 2014ರಲ್ಲಿ ನೊಬೆಲ್. ಅಲ್ಲಿಂದ ಸೀದಾ ಗೋಕಾಕ ಜಲಪಾತಕ್ಕೆ, ಹಿಂದೆ ಅಲ್ಲಿ ತೆಗೆದ ಕರೆಂಟಿಗೆ. ನವಿಲುತೀರ್ಥದ ಡ್ಯಾಮು ಮುಟ್ಟುವಷ್ಟರಲ್ಲಿ ಫ್ಯಾನು ತಿರುಗುತ್ತದೆ. ಮಕ್ಕಳು ಹೋ ಎನ್ನುತ್ತಾರೆ, ಅವನೊಬ್ಬನ ಮುಖ ಸಣ್ಣದಾಗುತ್ತದೆ.

ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲೇಕೆ ಮಾಡಬೇಕು ಎಂಬ ಆಕ್ಷೇಪವಿದೆ. ಅಂಗಡಿ ಲೈಟುಗಳಲ್ಲಿ ಹೆಚ್ಚಾಗಿ ಇರುತ್ತಿದ್ದುದು 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ಚಾರ್ಜಿಲ್ಲದೆ ತಿಂಗಳುಗಟ್ಟಲೆ ಬಿದ್ದರೆ ಅದು ಸತ್ತಂತೆಯೇ, ಆಮೇಲೆ ಇಡೀ ಲೈಟು ಗುಜರಿಗೆ. ಇವನದು ಬಿಚ್ಚಿದರೆ ರಿಪೇರಿಯಾಗುತ್ತದೆ. ಮೊಬೈಲ್ ಟಾರ್ಚ್ ಇದೆಯಲ್ಲ ಎನ್ನುವವರು (ಈ ಸಾಲು ಬರೆಯುವ ಕೈಯೂ ಆ ಪೈಕಿಯದೇ) ಲೈನ್‌ಮನ್ನಿಗೆ ಫೋನ್ ಹಚ್ಚುವ ಹೊತ್ತಿಗೆ ಚಾರ್ಜು ಎಷ್ಟು ಉಳಿದಿರುತ್ತದೆಂದು ನೋಡಿಕೊಳ್ಳಲಿ. ಆದರೆ ರಕ್ಷಣಾ ಬೋರ್ಡಿಲ್ಲದ ಹಳೆಯ ಸೆಲ್ಲು ಬೆಂಕಿ ಹಿಡಿಯಬಹುದೆಂಬ ಮಾತಿಗೆ ವಾದವೇ ಇಲ್ಲ; ಬೋರ್ಡು ಹಾಕಲೇಬೇಕು.

ನಿಜವಾದ ತಕರಾರು ಬೇರೆಯೇ. ಅವನು ಊರಲ್ಲಿಲ್ಲದ ದಿನ ಕರೆಂಟು ಹೋದರೆ ಫೋನಿನಲ್ಲಿ ಅಪ್ಪಣೆ ಬರುತ್ತದೆ: "ಯವ್ವಾ, ಕೆಂಪು ವೈರ್ ಮೊಳಿಗೆ ಹಚ್ಚು, ಕರೀದು ಮುಟ್ಟಬ್ಯಾಡ." ಕತ್ತಲಲ್ಲಿ ಕೆಂಪು ಯಾವುದು, ಕರೀದು ಯಾವುದು? ಸೀಮೆಎಣ್ಣೆ ಕಂದೀಲಿನ ಗಾಜು ಹೊಗೆ ಹಿಡಿಯುತ್ತಿತ್ತು, ದಿನಾ ಬೂದಿ ಹಚ್ಚಿ ಒರೆಸಬೇಕಿತ್ತು. ಆದರೂ ಮನೆಯ ಯಾರು ಬೇಕಾದರೂ ಕಡ್ಡಿ ಗೀರಿ ಹಚ್ಚುತ್ತಿದ್ದರು. ಆ ತಾಯಿಗಾಗಿಯಾದರೂ ಒಂದು ಸ್ವಿಚ್ ಕೂಡಿಸೋ ಮಾರಾಯ.